ಹಿಮದಡಿಯ ಹತ್ತು ನಿಮಿಷ

ಬ್ಲಾಗಿನ ಕಡೆ ತಲೆ ಹಾಕದೆ ನಾಲ್ಕು ತಿಂಗಳ ಮೇಲಾಯಿತು. ಕೆಲಸ, ಮಗಳ ಶಾಲೆ, ಸೋಮಾರಿತನ... ನೆಪಗಳಿಗೇನು ಬರ? ಇವತ್ತು ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ಒಂದು ಚೀಲ. ಹೋದ ಚಳಿಗಾಲದಲ್ಲಿ ನಾನು ಆ ಚೀಲವನ್ನು ಕೊಂದೆ :-)

ಬಿಡಿಸಿ ಹೇಳುತ್ತೇನೆ. ನಾನಿರುವುದು ಜ್ಯೂರಿಕ್‌ನಲ್ಲಿ. ಹುಬ್ಬಳ್ಳಿಯ ಬಿಸಿಲಲ್ಲಿ ಬೆಳೆದವನು, ಮೂವತ್ತು ದಾಟಿದ ಮೇಲೆ ಇಲ್ಲಿಗೆ ಬಂದು ಸ್ಕೀ ಕಲಿತೆ. ಕಲಿತೆ ಅನ್ನುವುದಕ್ಕಿಂತ ಬೀಳುವುದಕ್ಕೆ ಹೆದರುವುದನ್ನು ಬಿಟ್ಟೆ ಅನ್ನಬಹುದು. ಆಫೀಸಿನ ಗೆಳೆಯನೊಬ್ಬ ಎರಡು ವರ್ಷದಿಂದ "ಆಫ್-ಪಿಸ್ಟ್ ಬಾ, ನಿಜವಾದ ಸ್ಕೀ ಅಂದರೆ ಅದು" ಅಂತ ಕರೆಯುತ್ತಿದ್ದ. ಪಿಸ್ಟ್ ಅಂದರೆ ಯಂತ್ರ ಓಡಿಸಿ ಹದ ಮಾಡಿದ, ಬಣ್ಣದ ಗುರುತಿನ ಕೋಲು ನೆಟ್ಟ ಇಳಿಜಾರಿನ ದಾರಿ. ಅಲ್ಲಿ ಹಿಮ ಕುಸಿಯುವ ಭಯವಿದ್ದರೆ ಬೆಳಗಿನ ಜಾವವೇ ಸಿಡಿಮದ್ದು ಹಾಕಿ ಕೆಡವಿಬಿಡುತ್ತಾರೆ. ಆ ಕೋಲುಗಳನ್ನು ದಾಟಿ ಆಚೆ ಹೋದರೆ ಅದು ಆಫ್-ಪಿಸ್ಟ್. ಯಾರೂ ತುಳಿಯದ, ಹತ್ತಿಯಂಥ ಹೊಸ ಹಿಮ. ಅಲ್ಲಿ ನಿಮಗೆ ನೀವೇ ದಿಕ್ಕು.

ಕೊನೆಗೆ ನಾನು ಹೂಂ ಅಂದೆ. ಆದರೆ ಅವನದೊಂದು ಷರತ್ತು. ಮೊದಲು ಒಂದು ದಿನ ಹುಡುಕುವ ಅಭ್ಯಾಸ ಮಾಡಬೇಕು. ದಾವೋಸ್ ಬಳಿಯ ಒಂದು ಇಳಿಜಾರಿನಲ್ಲಿ ಅವನು ಹಳೆಯ ಚೀಲವೊಂದರಲ್ಲಿ ಸಂಕೇತ ಬಿಡುವ ಪುಟ್ಟ ಯಂತ್ರ ಇಟ್ಟು, ನನಗೆ ಕಾಣದಂತೆ ಎದೆಮಟ್ಟದ ಆಳದಲ್ಲಿ ಹೂತು ಬಂದ. ನನ್ನ ಕೈಗೆ ಅಂಥದೇ ಇನ್ನೊಂದು ಯಂತ್ರ, ಮಡಚುವ ಉದ್ದ ಕೋಲು ಮತ್ತು ಸಲಿಕೆ ಕೊಟ್ಟು ಗಡಿಯಾರ ಒತ್ತಿದ. ಯಂತ್ರದ ಬಾಣ ಒಂದು ಕಡೆ ತೋರಿಸಿದರೆ ನಾನು ಇನ್ನೊಂದು ಕಡೆ ಓಡಿದೆ. ಕೋಲು ಚುಚ್ಚಿದಲ್ಲೆಲ್ಲ ಬರೀ ಹಿಮ. ಕೊನೆಗೆ ಏನೋ ಮೆತ್ತಗೆ ತಾಗಿ, ಅಗೆದು, ಬೆವೆತು, ಚೀಲದ ಕಿವಿ ಹಿಡಿದು ಎಳೆದಾಗ ಹತ್ತೊಂಬತ್ತು ನಿಮಿಷ ಆಗಿತ್ತು. ನಾನು ಗೆದ್ದವನಂತೆ ನಗುತ್ತಿದ್ದೆ. ಅವನು ನಗಲಿಲ್ಲ. "ಆ ಚೀಲ ನಾನಾಗಿದ್ದರೆ ಈಗ ನೀನು ನನ್ನ ಹೆಂಡತಿಗೆ ಫೋನ್ ಮಾಡಬೇಕಿತ್ತು" ಅಂದ.

ಅವತ್ತು ಸಂಜೆ ರೈಲಿನಲ್ಲಿ ವಾಪಸು ಬರುವಾಗ ಅವ್ವನ ಒಂದು ಪ್ರಶ್ನೆ ನೆನಪಾಯಿತು. 2016ರ ಫೆಬ್ರವರಿಯಲ್ಲಿ ಅವಳು ಫೋನಿನಲ್ಲಿ ಕೇಳಿದ್ದು. "ಟಿವ್ಯಾಗ ನೋಡಿದೇನು ತಮ್ಮಾ? ನಮ್ಮ ಕುಂದಗೋಳ ಕಡೀ ಹುಡುಗ ಆರು ದಿನಾ ಬರ್ಫದಾಗ ಇದ್ದು ಜೀವಂತ ಸಿಕ್ಕಾನಂತ. ಅಷ್ಟ ದಿನಾ ಅಂವಾ ಉಸರು ಹೆಂಗ ಆಡಿದ್ನೋ?" ಬರ್ಫಿನ ನಾಡಿನಲ್ಲಿರುವ ಮಗನಿಗೆ ಗೊತ್ತಿರುತ್ತದೆ ಅಂದುಕೊಂಡಿದ್ದಳು. ನನಗೆ ಗೊತ್ತಿರಲಿಲ್ಲ. ಏನೋ ಹಾರಿಸಿ ಮಾತು ಮುಗಿಸಿದ್ದೆ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಓದಿದ್ದರ ಸಾರ ಈ ಬರಹ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಪತ್ರಿಕೆಗಳಲ್ಲಿ ಹಿಮಪಾತ ಅನ್ನುವ ಒಂದೇ ಪದ ಹಿಮ ಸುರಿಯುವುದಕ್ಕೂ, ಗುಡ್ಡದಿಂದ ಹಿಮ ಜಾರಿ ಬರುವುದಕ್ಕೂ ಬಳಕೆಯಾಗುತ್ತದೆ. ನಾನಿಲ್ಲಿ ಎರಡನೆಯದಕ್ಕೆ ಹಿಮಕುಸಿತ ಅನ್ನುತ್ತೇನೆ.

ಹಿಮಕುಸಿತ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಯಾವುದೋ ಶಿಖರದಿಂದ ತಾನಾಗಿ ಉರುಳಿ ಬರುವ ಹಿಮದ ರಾಶಿ. ಸ್ಕೀ ಮಾಡುವವರನ್ನು ಕೊಲ್ಲುವುದು ಹೆಚ್ಚಾಗಿ ಅದಲ್ಲ. ಚಳಿಗಾಲದುದ್ದಕ್ಕೂ ಹಿಮ ಪದರ ಪದರವಾಗಿ ಬೀಳುತ್ತದೆ. ನಡುವೆ ಎಲ್ಲೋ ಒಂದು ಪದರ ಸಕ್ಕರೆಯ ಹರಳಿನಂತೆ ಒಂದಕ್ಕೊಂದು ಅಂಟದೆ ಉಳಿದಿರುತ್ತದೆ. ಅದರ ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಹಿಮ ಚಪ್ಪಡಿಯಂತೆ ಕೂತಿರುತ್ತದೆ. ಸುಮಾರು 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ ಒಬ್ಬನ ಭಾರ ಸಾಕು, ಕೆಳಗಿನ ಪದರ ಕುಸಿದು ಮೇಲಿನ ಚಪ್ಪಡಿ ಇಡಿಯಾಗಿ ಜಾರುತ್ತದೆ. ಸ್ಕೀ ಮಾಡುವವರು ಸತ್ತ ಹಿಮಕುಸಿತಗಳಲ್ಲಿ ಹತ್ತಕ್ಕೆ ಒಂಬತ್ತನ್ನು ಕೆಡವಿದ್ದು ಸತ್ತವರೇ ಅಥವಾ ಅವರ ಜೊತೆಗಿದ್ದವರೇ. ಅಂದರೆ ವಿಧಿ ಅಂತ ಕೈಚೆಲ್ಲುವ ಹಾಗಿಲ್ಲ.

ಇನ್ನೊಂದು ವಿಚಿತ್ರ. ಹಿಮದಲ್ಲಿ ಗಾಳಿ ಇಲ್ಲದೆ ಸಾಯುತ್ತಾರೆ ಅನ್ನುವುದು ಅರ್ಧ ಸತ್ಯ. ಕುಸಿದು ನಿಂತ ಹಿಮದಲ್ಲೂ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಗಾಳಿಯೇ ಇರುತ್ತದೆ. ತೊಂದರೆ ಬಿಟ್ಟ ಉಸಿರಿನದು. ನಮ್ಮ ಉಸಿರಿನ ಬಿಸಿ ಮತ್ತು ತೇವ ಮುಖದ ಮುಂದಿನ ಹಿಮವನ್ನು ಕರಗಿಸಿ ಮತ್ತೆ ಗಟ್ಟಿ ಮಾಡುತ್ತದೆ. ಮುಖಕ್ಕೊಂದು ಮಂಜಿನ ಮುಖವಾಡ ತಯಾರಾಗುತ್ತದೆ. ಆಮೇಲೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವುದು. ಕೈ ಎತ್ತಿ ಮುಖದ ಮುಂದೆ ಜಾಗ ಮಾಡಿಕೊಳ್ಳೋಣವೆಂದರೆ ಆಗುವುದಿಲ್ಲ. ನೀರಿನಂತೆ ಹರಿದು ಬಂದ ಹಿಮ, ನಿಂತ ಗಳಿಗೆಯಲ್ಲಿ ಸಿಮೆಂಟಿನಂತೆ ಬಿಗಿಯುತ್ತದೆ. ಬೆರಳು ಕೂಡ ಅಲುಗುವುದಿಲ್ಲ. ತನ್ನನ್ನು ತಾನೇ ಅಗೆದುಕೊಂಡು ಬರುವುದು ಸಿನಿಮಾದ ಮಾತು.

ಹಾಗಾದರೆ ದಿನಗಟ್ಟಲೆ ಬದುಕಿದವರ ಕಥೆಗಳು? ಅಂಥವು ಇವೆ, ನಿಜವಾದವೇ ಇವೆ. ಬಹಳ ಪ್ರಸಿದ್ಧವಾದದ್ದು 1755ರದ್ದು. ಇಟಲಿಯ ಪೀಡ್‌ಮಾಂಟ್ ಸೀಮೆಯ ಬೆರ್ಗೆಮೊಲೆತ್ತೊ ಎಂಬ ಹಳ್ಳಿಯ ಮೇಲೆ ಮಾರ್ಚ್ 19ರಂದು ಹಿಮ ಕುಸಿಯಿತು. ಒಂದು ಕೊಟ್ಟಿಗೆಯೊಳಗೆ ಸಿಕ್ಕಿಬಿದ್ದವರಲ್ಲಿ ಮೂವರು ಹೆಂಗಸರು 37 ದಿನಗಳ ನಂತರ ಜೀವಂತ ಸಿಕ್ಕರು. ಕತ್ತಲಲ್ಲಿ, ಮೈ ಚಾಚಲೂ ಆಗದ ಜಾಗದಲ್ಲಿ, ಮೇಕೆಯ ಹಾಲು ಕುಡಿದು ಬದುಕಿದ್ದರು. ಜೊತೆಗಿದ್ದ ಪುಟ್ಟ ಹುಡುಗ ಉಳಿಯಲಿಲ್ಲ. ತೂರಿನ್ ನಗರದ ವೈದ್ಯ ಇಗ್ನಾತ್ಸಿಯೊ ಸೋಮಿಸ್ ಇದನ್ನೆಲ್ಲ ವಿಚಾರಿಸಿ ಒಂದು ಪುಸ್ತಕವನ್ನೇ ಬರೆದ.

ಇನ್ನೊಂದು ನಮ್ಮ ಕಾಲಕ್ಕೆ ಹತ್ತಿರದ್ದು. 1982ರ ಮಾರ್ಚ್ 31ರಂದು ಕ್ಯಾಲಿಫೋರ್ನಿಯಾದ ಆಲ್ಪೈನ್ ಮೆಡೋಸ್ ಎಂಬ ಸ್ಕೀ ತಾಣದ ಮೇಲೆ ಹಿಮ ಕುಸಿದು ಏಳು ಜನ ಸತ್ತರು. ಅಲ್ಲಿ ಕೆಲಸಕ್ಕಿದ್ದ ಆನಾ ಕಾನ್ರಾಡ್ ಎಂಬ ಯುವತಿ ಐದು ದಿನಗಳ ನಂತರ, ಕುಸಿದ ಕಟ್ಟಡದೊಳಗೆ ಜೀವಂತ ಸಿಕ್ಕಳು. ಅವಳ ವಾಸನೆ ಹಿಡಿದದ್ದು ಬ್ರಿಜೆಟ್ ಎಂಬ ಜರ್ಮನ್ ಶೆಫರ್ಡ್ ನಾಯಿ. ಉತ್ತರ ಅಮೆರಿಕದಲ್ಲಿ ಹಿಮಕುಸಿತದಲ್ಲಿ ಹೂತವರನ್ನು ನಾಯಿಯೊಂದು ಜೀವಂತ ಹುಡುಕಿಕೊಟ್ಟದ್ದು ಅದೇ ಮೊದಲು.

ಎರಡೂ ಕಥೆಗಳಲ್ಲಿ ಒಂದು ಸಾಮ್ಯ ಗಮನಿಸಿದಿರಾ? ಅವರ ತಲೆಯ ಮೇಲೆ ಏನೋ ಒಂದು ಇತ್ತು. ಕೊಟ್ಟಿಗೆಯ ಮಾಡು, ಕಟ್ಟಡದ ಗೋಡೆ. ಅದರಡಿ ಒಂದಿಷ್ಟು ಗಾಳಿ ಉಳಿದಿತ್ತು. ಸ್ಕೀ ಮಾಡುವವನ ತಲೆಯ ಮೇಲೆ ಟೊಪ್ಪಿಗೆ ಬಿಟ್ಟರೆ ಏನೂ ಇಲ್ಲ. ಅವನ ಲೆಕ್ಕ ದಿನಗಳದ್ದಲ್ಲ, ನಿಮಿಷಗಳದ್ದು. ಆ ಲೆಕ್ಕ ಜನಕ್ಕೆ ತಿಳಿಯಲು ನೂರು ವರ್ಷ ಹಿಡಿಯಿತು.

ಸ್ಕೀ ಮೂಲತಃ ನಾರ್ವೆಯಂಥ ಉತ್ತರದ ನಾಡುಗಳದ್ದು. ಆಲ್ಪ್ಸ್‌ನ ಕಡಿದಾದ ಇಳಿಜಾರಿಗೆ ಅದನ್ನು ಒಗ್ಗಿಸಿದವರಲ್ಲಿ ಮೊದಲ ಹೆಸರು ಮಟಿಯಾಸ್ ಝ್ದಾರ್ಸ್ಕಿ. ಆಸ್ಟ್ರಿಯಾದ ಲಿಲಿಯನ್‌ಫೆಲ್ಡ್ ಎಂಬಲ್ಲಿ ಒಂಟಿಯಾಗಿದ್ದುಕೊಂಡು, ಒಂದೇ ಕೋಲು ಹಿಡಿದು ಇಳಿಯುವ ತನ್ನದೇ ಪದ್ಧತಿ ಕಟ್ಟಿದ, ಸಾವಿರಾರು ಜನಕ್ಕೆ ಕಲಿಸಿದ. ಮೊದಲ ಮಹಾಯುದ್ಧ ಬಂದಾಗ ಸೈನ್ಯ ಅವನನ್ನು ಹಿಮದ ತಜ್ಞನಾಗಿ ಕರೆಸಿಕೊಂಡಿತು. ಆ ಯುದ್ಧದಲ್ಲಿ ಆಲ್ಪ್ಸ್ ಗಡಿಯಲ್ಲಿ ಹಿಮಕ್ಕೆ ಸತ್ತವರ ಸಂಖ್ಯೆ ಸಾವಿರಾರು. 1916ರ ಡಿಸೆಂಬರ್ 13ರಂದು ಮಾರ್ಮೊಲಾಡ ಪರ್ವತದ ಒಂದೇ ಕುಸಿತ ಮಲಗಿದ್ದ ಇನ್ನೂರಕ್ಕೂ ಹೆಚ್ಚು ಸೈನಿಕರನ್ನು ನುಂಗಿತು. ಅದೇ ವರ್ಷ ಫೆಬ್ರವರಿ 28ರಂದು ಝ್ದಾರ್ಸ್ಕಿಯೇ ಕುಸಿತದಲ್ಲಿ ಸಿಕ್ಕ. ಆಗ ಅವನಿಗೆ ಅರವತ್ತರ ಹತ್ತಿರ. ಹೊರತೆಗೆದಾಗ ಮುರಿದದ್ದು, ಕೀಲು ತಪ್ಪಿದ್ದು ಎಲ್ಲ ಸೇರಿ ಎಂಬತ್ತು ಕಡೆ ಅಂತ ಲೆಕ್ಕ. ಆದರೂ ಬದುಕಿದ. ವರ್ಷಗಟ್ಟಲೆ ಹೆಣಗಿ ಮತ್ತೆ ನಡೆದ, ಮತ್ತೆ ಸ್ಕೀ ಕಟ್ಟಿದ, ಹಿಮಕುಸಿತದ ಬಗ್ಗೆ ಪುಸ್ತಕ ಬರೆದ. ತೀರಿಕೊಂಡದ್ದು 1940ರಲ್ಲಿ. ಸ್ಕೀ ಕಲಿಸಿದ ಗುರುವನ್ನೇ ಹಿಮ ಬಿಡಲಿಲ್ಲ ಅಂದ ಮೇಲೆ ನನ್ನಂಥವನ ಪಾಡೇನು?

ಆ ಕಾಲದಲ್ಲಿ ಹೂತವನನ್ನು ಹುಡುಕಲು ಇದ್ದ ಸಾಧನ ಒಂದು ದಾರ. ಬವೇರಿಯಾದ ಪರ್ವತಾರೋಹಿ ಓಯ್ಗೆನ್ ಓರ್ಟೆಲ್ ಎಂಬಾತ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹೇಳಿಕೊಟ್ಟ ಉಪಾಯ. ಉದ್ದನೆಯ ಕೆಂಪು ದಾರವನ್ನು ಸೊಂಟಕ್ಕೆ ಕಟ್ಟಿಕೊಂಡು, ಅಪಾಯದ ಜಾಗದಲ್ಲಿ ಬಾಲದಂತೆ ಹಿಂದೆ ಎಳೆದುಕೊಂಡು ಹೋಗುವುದು. ಕುಸಿತ ಬಂದರೆ ಹಗುರವಾದ ದಾರದ ಒಂದು ತುಂಡಾದರೂ ಮೇಲೆ ಕಾಣಲಿ, ಅದನ್ನು ಹಿಡಿದು ಅಗೆಯಲಿ ಅಂತ. ನೋಡಲು ತಮಾಷೆಯಾಗಿದೆ. ಆದರೆ ಇದರಲ್ಲಿ ಒಂದು ದೊಡ್ಡ ತಿಳಿವಳಿಕೆ ಇದೆ. ಬದುಕಿಸುವವರು ಊರಿನಿಂದ ಬರುವುದಿಲ್ಲ, ಪಕ್ಕದಲ್ಲೇ ಇರುತ್ತಾರೆ, ಅವರಿಗೆ ನಾನು ಎಲ್ಲಿದ್ದೇನೆ ಅಂತ ಗೊತ್ತಾಗಬೇಕು. ಮುಂದೆ ಬಂದ ಯಂತ್ರಗಳೆಲ್ಲ ಈ ಕೆಂಪು ದಾರದ ಮೊಮ್ಮಕ್ಕಳೇ.

ಎರಡನೇ ಸಾಧನ ನಾಯಿ. ಸ್ವಿಟ್ಜರ್ಲೆಂಡಿನ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆದಾರಿಯ ಮಠದ ಬ್ಯಾರಿ ನಾಯಿಯ ಹೆಸರು ಕೇಳಿರಬಹುದು. 1814ರಲ್ಲಿ ಸತ್ತ ಆ ನಾಯಿ ನಲವತ್ತು ಜನರನ್ನು ಉಳಿಸಿತು ಅಂತ ಪ್ರತೀತಿ. ಬರ್ನ್ ನಗರದ ಮ್ಯೂಸಿಯಂನಲ್ಲಿ ಈಗಲೂ ನಿಂತಿದೆ (ನೋಡಿ ಬಂದಿದ್ದೇನೆ, ಮಗಳಿಗೆ ಬಹಳ ಇಷ್ಟವಾಯಿತು). ನಾಯಿಗಿಂತ ಚುರುಕಾದ ಮೂಗು ಇವತ್ತಿಗೂ ಇಲ್ಲ. ಆದರೆ ನಾಯಿ ಕೆಳಗಿನ ಊರಿನಲ್ಲಿರುತ್ತದೆ, ಬರಲು ಹೊತ್ತು ಹಿಡಿಯುತ್ತದೆ.

ಈ ದಾವೋಸ್ ಇದೆಯಲ್ಲ, ನಾನು ಚೀಲ ಕೊಂದ ಊರು, ಹಿಮವನ್ನು ವಿಜ್ಞಾನವಾಗಿ ಓದಲು ಶುರುಮಾಡಿದ ಊರುಗಳಲ್ಲಿ ಅದೂ ಒಂದು. 1936ರಲ್ಲಿ ಊರಿನ ಮೇಲಿನ ವೈಸ್‌ಫ್ಲೂಯೋಹ್ ಎಂಬ ಎತ್ತರದ ಜಾಗದಲ್ಲಿ ಸಂಶೋಧಕರು ಪ್ರಯೋಗಾಲಯವೊಂದನ್ನು ಕಟ್ಟಿ ಹಿಮದ ಪದರಗಳನ್ನು ಓದತೊಡಗಿದರು. ಅದೇ ಬೆಳೆದು ಹಿಮ ಮತ್ತು ಹಿಮಕುಸಿತ ಸಂಸ್ಥೆಯಾಯಿತು. 1950-51ರ ಚಳಿಗಾಲದಲ್ಲಿ ಆಲ್ಪ್ಸ್‌ನಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತ ಮೇಲೆ ಇಂಥ ಕೆಲಸದ ಬೆಲೆ ಎಲ್ಲರಿಗೂ ಗೊತ್ತಾಯಿತು. ಇವತ್ತು ಚಳಿಗಾಲದ ಪ್ರತಿದಿನ ಒಂದರಿಂದ ಐದರವರೆಗಿನ ಅಪಾಯದ ಮಟ್ಟ ಪ್ರಕಟವಾಗುತ್ತದೆ. ನಮ್ಮಲ್ಲಿ ಮಳೆ ವರದಿ ನೋಡುವ ಹಾಗೆ ಇಲ್ಲಿನವರು ಅದನ್ನು ನೋಡುತ್ತಾರೆ.

ಕೆಂಪು ದಾರವನ್ನು ಅದೃಶ್ಯ ದಾರ ಮಾಡಿದ್ದು 1968ರಲ್ಲಿ, ಜಾನ್ ಲಾಟನ್ ಎಂಬಾತ. ಅಮೆರಿಕದ ಬಫಲೊ ಊರಿನ ಕಾರ್ನೆಲ್ ಏರೋನಾಟಿಕಲ್ ಲ್ಯಾಬೊರೇಟರಿಯಲ್ಲಿ ಕೆಲಸ ಮಾಡುತ್ತಿದ್ದ. ಎಲ್ಲರೂ ಒಂದೊಂದು ಪುಟ್ಟ ಯಂತ್ರ ಕಟ್ಟಿಕೊಳ್ಳಿ, ಅದು ಸದಾ ಸಂಕೇತ ಬಿಡುತ್ತಿರಲಿ, ಒಬ್ಬ ಹೂತುಹೋದರೆ ಉಳಿದವರು ತಮ್ಮ ಯಂತ್ರವನ್ನು ಕೇಳುವ ಕಡೆಗೆ ತಿರುಗಿಸಿಕೊಂಡು ಹುಡುಕಲಿ. ಇದು ಅವನ ವಿಚಾರ. ಯಂತ್ರಕ್ಕೆ ನಾರ್ವೆ ಕಡೆಯ ಪುರಾಣದ ಚಳಿಗಾಲದ ದೇವತೆ ಸ್ಕಾಡಿಯ ಹೆಸರಿಟ್ಟ. 2.275 ಕಿಲೋಹರ್ಟ್ಸ್, ಅಂದರೆ ಕಿವಿಗೇ ಕೇಳುವ ಕಂಪನಾಂಕ. ಕಿವಿಗೆ ಗುಂಡಿ ಸಿಕ್ಕಿಸಿಕೊಂಡು ಸದ್ದು ಎಲ್ಲಿ ಜೋರಾಗುತ್ತದೆ ಅಂತ ಹುಡುಕುತ್ತಾ ಹೋಗಬೇಕು. ಸಣ್ಣವರಿದ್ದಾಗ "ಬಿಸಿ ಬಿಸಿ, ತಣ್ಣಗೆ ತಣ್ಣಗೆ" ಅಂತ ಆಡುತ್ತಿದ್ದೆವಲ್ಲ, ಥೇಟ್ ಹಾಗೆಯೇ.

ಇಲ್ಲೊಂದು ಬೇಸರದ ಅಧ್ಯಾಯ ಇದೆ. ಅದೇ ಹೊತ್ತಿಗೆ ಸ್ವಿಸ್ ಸೈನ್ಯಕ್ಕಾಗಿ ಬಂದ ಯಂತ್ರ 457 ಕಿಲೋಹರ್ಟ್ಸ್ ಹಿಡಿಯಿತು. ಆಸ್ಟ್ರಿಯಾದ ಪೀಪ್ಸ್ 2.275 ಅನ್ನೇ ಹಿಡಿಯಿತು. ಪರಿಣಾಮ, ಒಟ್ಟಿಗೆ ಹೋದ ಇಬ್ಬರ ಯಂತ್ರಗಳು ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದೆ ಇರುವ ಸಾಧ್ಯತೆ! ಇಬ್ಬರ ಬಳಿಯೂ ಯಂತ್ರವಿದೆ, ಆದರೂ ಕಿವುಡು. (ಯೂನಿಕೋಡ್ ಬರುವ ಮುಂಚೆ ನನ್ನ ನುಡಿ ನಿನಗೆ ಕಾಣದು, ನಿನ್ನ ಬರಹ ನನಗೆ ಕಾಣದು ಅಂತ ಒದ್ದಾಡಿದ ನಮಗೆ ಇದು ಬೇಗ ಅರ್ಥವಾಗುತ್ತದೆ. ನಮಗೆ ಪರದೆ ತುಂಬ ಚೌಕದ ಡಬ್ಬಿಗಳು ಬರುತ್ತಿದ್ದವು, ಅವರಿಗೆ ಹೆಣ ಬರುತ್ತಿತ್ತು.) 1980ರ ದಶಕದಲ್ಲಿ ಎರಡನ್ನೂ ಕೇಳುವ ಯಂತ್ರಗಳು ಬಂದವು. ಅದೇ ದಶಕದ ಮಧ್ಯದಲ್ಲಿ ಪರ್ವತ ರಕ್ಷಣೆಯವರ ಅಂತಾರಾಷ್ಟ್ರೀಯ ಒಕ್ಕೂಟ 457 ಅನ್ನು ಒಪ್ಪಿಕೊಂಡಿತು. 1996ರ ಹೊತ್ತಿಗೆ ಅಮೆರಿಕವೂ ಪೂರ್ತಿ ಬದಲಾಯಿತು. ಮರುವರ್ಷ ಬಂದ ಟ್ರ್ಯಾಕರ್ ಎಂಬ ಡಿಜಿಟಲ್ ಯಂತ್ರ ಸದ್ದಿನ ಬದಲು ದಿಕ್ಕು ಮತ್ತು ದೂರವನ್ನೇ ತೋರಿಸತೊಡಗಿತು. ನನ್ನ ಕೈಯಲ್ಲಿ ಅವತ್ತು ಇದ್ದದ್ದು ಅದರದೇ ವಂಶದ್ದು. ಅಷ್ಟಿದ್ದೂ ಹತ್ತೊಂಬತ್ತು ನಿಮಿಷ!

ಹತ್ತೊಂಬತ್ತು ನಿಮಿಷಕ್ಕೆ ಗೆಳೆಯ ಯಾಕೆ ನಗಲಿಲ್ಲ ಅನ್ನುವುದಕ್ಕೆ ಉತ್ತರ 1994ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಲೇಖನದಲ್ಲಿದೆ. ಫಾಲ್ಕ್, ಬ್ರುಗರ್ ಮತ್ತು ಆಡ್ಲರ್-ಕಾಸ್ಟ್ನರ್ ಬರೆದದ್ದು. ಸ್ವಿಟ್ಜರ್ಲೆಂಡಿನಲ್ಲಿ 1981ರಿಂದ 1991ರವರೆಗೆ ಹಿಮದಡಿ ಹೂತ 422 ಸ್ಕೀಗಾರರ ಲೆಕ್ಕ ತೆಗೆದು ಒಂದು ಗೆರೆ ಎಳೆದರು. 15 ನಿಮಿಷದೊಳಗಾದರೆ ನೂರಕ್ಕೆ 92 ಜನ ಬದುಕುತ್ತಾರೆ. 35 ನಿಮಿಷಕ್ಕೆ ಅದು 30. ನಡುವಿನ ಇಪ್ಪತ್ತು ನಿಮಿಷದಲ್ಲಿ ಗೆರೆ ಬಂಡೆಯಿಂದ ಬಿದ್ದ ಹಾಗೆ ಬೀಳುತ್ತದೆ. ಆ ಮೇಲೆ ಉಳಿದವರು ಬಾಯಿ ಮೂಗಿನ ಮುಂದೆ ಅದೃಷ್ಟಕ್ಕೆ ಒಂದಿಷ್ಟು ಜಾಗ ಸಿಕ್ಕವರು.

ಅದಕ್ಕೂ ಮುಂಚೆ, ಗೆಳೆಯ ಹೂತುಹೋದರೆ ಇಳಿದು ಹೋಗಿ ಜನರನ್ನು ಕರೆತರುವುದೇ ಸರಿ ಅಂತ ಅಂದುಕೊಂಡವರಿದ್ದರು. ಈ ಗೆರೆ ನೋಡಿದ ಮೇಲೆ ಆ ಮಾತಿಗೆ ಅರ್ಥವೇ ಉಳಿಯಲಿಲ್ಲ. ಹೆಲಿಕಾಪ್ಟರ್ ಎಷ್ಟೇ ಬೇಗ ಬಂದರೂ ಅದು ಗೆರೆ ಬಿದ್ದ ಮೇಲೆಯೇ ಬರುವುದು ಹೆಚ್ಚು. 2024ರಲ್ಲಿ ಅದೇ ಬ್ರುಗರ್ ಮತ್ತು ಸಂಗಡಿಗರು 2020ರವರೆಗಿನ ಲೆಕ್ಕ ಸೇರಿಸಿ ಮತ್ತೆ ಎಳೆದಾಗ ಗೆರೆ ಇನ್ನೂ ಮುಂಚೆಯೇ ಬೀಳುತ್ತಿತ್ತು. ಈಗ ಹದಿನೈದಲ್ಲ, ಹತ್ತು ನಿಮಿಷ. 10 ನಿಮಿಷಕ್ಕೆ 91 ಇದ್ದದ್ದು 30 ನಿಮಿಷಕ್ಕೆ 31. ಅದೇ ಲೇಖನದಲ್ಲಿ ಒಂದು ಸಮಾಧಾನವೂ ಇದೆ. ಹೂತವರನ್ನು ಹೊರತೆಗೆಯುವ ಹೊತ್ತು ನಲವತ್ತು ವರ್ಷಗಳಲ್ಲಿ 45 ನಿಮಿಷದಿಂದ 25ಕ್ಕೆ ಇಳಿದಿದೆ. ಉಳಿದವರ ಪಾಲು ನೂರಕ್ಕೆ 43ರಿಂದ 53ಕ್ಕೆ ಏರಿದೆ. ಪಕ್ಕದವರು ಕಲಿತಿದ್ದಾರೆ.

ಇದೆಲ್ಲ ಹೂತ ಮೇಲಿನ ಮಾತು. ಹೂಳದೇ ಇರುವ ಉಪಾಯ? ಅದನ್ನು ಕಂಡದ್ದು ಬವೇರಿಯಾದ ಕಾಡು ಕಾಯುವ ಯೋಸೆಫ್ ಹೋಹೆನೆಸ್ಟರ್. ಬೇಟೆಯ ಪ್ರಾಣಿಯನ್ನು ಹೆಗಲ ಮೇಲೆ ಹೊತ್ತು ಬರುವಾಗ ಹಿಮ ಕುಸಿದರೆ ತಾನು ಮೇಲೆಯೇ ಉಳಿಯುತ್ತೇನೆ ಅನ್ನುವುದನ್ನು ಗಮನಿಸಿದ. ನಮ್ಮ ಮನೆಯಲ್ಲಿ ಚುರುಮುರಿ ಡಬ್ಬಿ ಅಲುಗಾಡಿಸಿದರೆ ಪುಡಿಯೆಲ್ಲ ತಳಕ್ಕೆ ಹೋಗಿ ದಪ್ಪದ್ದು ಮೇಲೆ ಬರುತ್ತದಲ್ಲ, ಅದೇ ನಿಯಮ. ಹರಿಯುವ ಹಿಮದಲ್ಲಿ ದೊಡ್ಡ ಗಾತ್ರದ್ದು ಮೇಲೆ ತೇಲುತ್ತದೆ. ಹಾಗಾದರೆ ಬೇಕಾದಾಗ ಮನುಷ್ಯನನ್ನೇ ದಪ್ಪ ಮಾಡಿದರೆ? ಪೇಟೆಂಟನ್ನು 1980ರಲ್ಲಿ ಪೀಟರ್ ಆಷೌವರ್ ಕೊಂಡುಕೊಂಡು, 1985ರಲ್ಲಿ ಏರ್‌ಬ್ಯಾಗ್ ಇರುವ ಬೆನ್ನುಚೀಲ ತಂದ. ಹಿಡಿಕೆ ಎಳೆದರೆ ಕ್ಷಣದಲ್ಲಿ ಬಲೂನು ಉಬ್ಬುತ್ತದೆ. 2014ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಉಬ್ಬಿದ ಏರ್‌ಬ್ಯಾಗ್ ಸಾವಿನ ಪ್ರಮಾಣವನ್ನು ನೂರಕ್ಕೆ 22ರಿಂದ 11ಕ್ಕೆ ಇಳಿಸುತ್ತದೆ. ಆದರೆ ಐದರಲ್ಲಿ ಒಂದು ಸಲ ಅದು ಉಬ್ಬಿರಲೇ ಇಲ್ಲ. ಬಹಳ ಸಲ ಎಳೆಯುವವರು ಎಳೆದಿರಲಿಲ್ಲ, ಅಷ್ಟೆ.

ಡೆನ್ವರ್‌ನ ವೈದ್ಯ ಥಾಮಸ್ ಕ್ರೌಲಿಯ ವಿಚಾರ ಇನ್ನೂ ಸರಳ. ಹಿಮದಲ್ಲಿ ಗಾಳಿ ಇದ್ದೇ ಇದೆ, ಎದೆಯ ಕಡೆಯಿಂದ ಎಳೆದುಕೊಂಡು ಬಿಟ್ಟ ಉಸಿರನ್ನು ಬೆನ್ನ ಹಿಂದೆ ಕಳಿಸಿದರೆ ಸಾಕು. ಅವಲಂಗ್ ಎಂಬ ಕೊಳವೆ ಹಾಗೆ ಹುಟ್ಟಿತು. 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ಬಾಯಲ್ಲಿಟ್ಟುಕೊಂಡು ಹಿಮದಲ್ಲಿ ಹೂಳಿಸಿಕೊಂಡ ಸ್ವಯಂಸೇವಕರು ಸರಾಸರಿ ಒಂದು ಗಂಟೆಯ ಹತ್ತಿರ ಇದ್ದರು. ಅದಿಲ್ಲದೆ ಹತ್ತೇ ನಿಮಿಷ. ಅವ್ವನ ಪ್ರಶ್ನೆಗೆ ಉತ್ತರದ ಅರ್ಧ ನನಗೆ ಇಲ್ಲಿ ಸಿಕ್ಕಿತು.

2012ರ ಫೆಬ್ರವರಿಯ ಎರಡು ದಿನಗಳು ಈ ಚರಿತ್ರೆಯನ್ನೆಲ್ಲ ಒಟ್ಟಿಗೆ ತೋರಿಸುತ್ತವೆ. 17ರಂದು ಆಸ್ಟ್ರಿಯಾದ ಲೆಕ್‌ನಲ್ಲಿ ನೆದರ್ಲೆಂಡ್ಸ್‌ನ ರಾಜಕುಮಾರ ಫ್ರಿಸೊ ಒಬ್ಬ ಗೆಳೆಯನೊಡನೆ ಪಿಸ್ಟ್ ಬಿಟ್ಟು ಆಚೆ ಹೋದ. ಅವತ್ತಿನ ಅಪಾಯದ ಮಟ್ಟ ಐದರಲ್ಲಿ ನಾಲ್ಕು. ಕುಸಿತ ಬಂದಾಗ ಏರ್‌ಬ್ಯಾಗ್ ಇದ್ದ ಗೆಳೆಯ ಪಾರಾದ. ಫ್ರಿಸೊನ ಬಳಿ ಸಂಕೇತದ ಯಂತ್ರ ಇತ್ತು. ಸಿಕ್ಕ ಕೂಡ. ಆದರೆ ಹೊರತೆಗೆಯುವಾಗ ಸುಮಾರು 25 ನಿಮಿಷ ಆಗಿತ್ತು, ಹೃದಯ ನಿಂತಿತ್ತು. ಐವತ್ತು ನಿಮಿಷ ಎದೆ ಒತ್ತಿ ಒತ್ತಿ ಹೃದಯವನ್ನು ಮತ್ತೆ ಬಡಿಯುವಂತೆ ಮಾಡಿದರು, ಮೆದುಳು ಮರಳಲಿಲ್ಲ. ಒಂದೂವರೆ ವರ್ಷ ಹಾಗೇ ಇದ್ದು 2013ರ ಆಗಸ್ಟ್ 12ರಂದು ತೀರಿಕೊಂಡ. ಅಂದರೆ ಬದುಕಿಸುವುದು ಅಂದರೆ ಬರೀ ಉಸಿರು ಬರಿಸುವುದಲ್ಲ.

ಎರಡೇ ದಿನ ಬಿಟ್ಟು, 19ರಂದು, ಅಮೆರಿಕದ ವಾಷಿಂಗ್ಟನ್ ರಾಜ್ಯದ ಟನೆಲ್ ಕ್ರೀಕ್. ಒಬ್ಬರಿಗಿಂತ ಒಬ್ಬರು ನುರಿತ ಹದಿನಾರು ಜನರ ಗುಂಪು. ಮೂವರು ಸತ್ತರು. ಎಲೀಸ್ ಸಾಗ್‌ಸ್ಟ್ಯಾಡ್ ಎಂಬ ವೃತ್ತಿಪರ ಸ್ಕೀಗಾರ್ತಿ ಅದೇ ಕುಸಿತದಲ್ಲಿ ಬಹಳ ದೂರ ಕೊಚ್ಚಿಕೊಂಡು ಹೋದರೂ ಏರ್‌ಬ್ಯಾಗ್ ಎಳೆದಿದ್ದರಿಂದ ಮುಖ ಮೇಲಾಗಿ ನಿಂತಳು. ಆದರೆ ಕುತ್ತಿಗೆಯವರೆಗೆ ಹಿಮ ಬಿಗಿದಿತ್ತು. ಬದುಕಿದ್ದವಳನ್ನೂ ಬೇರೆಯವರೇ ಬಂದು ಅಗೆದು ತೆಗೆಯಬೇಕಾಯಿತು. ಅಷ್ಟು ಅನುಭವ ಇದ್ದವರು ಅಪಾಯವಿದೆ ಅಂತ ಗೊತ್ತಿದ್ದ ದಿನ ಯಾಕೆ ಹೋದರು ಅಂದರೆ, ಉಳಿದವರೆಲ್ಲ ಹೋಗುತ್ತಿದ್ದರು, ಬೇಡ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ನ್ಯೂಯಾರ್ಕ್ ಟೈಮ್ಸ್‌ನ ಜಾನ್ ಬ್ರಾಂಚ್ ಇದನ್ನು ಕುರಿತು ಬರೆದ ವರದಿಗೆ 2013ರಲ್ಲಿ ಪುಲಿಟ್ಜರ್ ಬಂತು. ಆಫ್-ಪಿಸ್ಟ್ ಹೋಗುವ ಮುನ್ನ ಓದಬೇಕಾದ್ದು ಅದು.

ನಮ್ಮ ದೇಶಕ್ಕೂ ಇದು ದೂರದ ಮಾತಲ್ಲ. ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ 1927ರಷ್ಟು ಹಿಂದೆಯೇ ಸ್ಕೀ ಕ್ಲಬ್ ಇತ್ತು. 2005ರಲ್ಲಿ ಅಫರ್ವಾಟ್ ಬೆಟ್ಟದ ಮೇಲಿನವರೆಗೆ ಕೇಬಲ್ ಕಾರು ಹೋದ ಮೇಲೆ ಆಫ್-ಪಿಸ್ಟ್‌ಗೆ ಅಂತಲೇ ವಿದೇಶದವರು ಬರತೊಡಗಿದರು. 2023ರ ಫೆಬ್ರವರಿಯಲ್ಲಿ ಇಬ್ಬರು ಪೋಲೆಂಡಿನವರು, 2024ರ ಫೆಬ್ರವರಿಯಲ್ಲಿ ಒಬ್ಬ ರಷ್ಯದವ ಅಲ್ಲಿನ ಕುಸಿತಗಳಲ್ಲಿ ಸತ್ತರು. ಅದೇ ಬೆಟ್ಟದ ಮಗ್ಗುಲಲ್ಲಿ 2010ರ ಫೆಬ್ರವರಿ 8ರಂದು ತರಬೇತಿಯಲ್ಲಿದ್ದ 17 ಸೈನಿಕರು ಸತ್ತಿದ್ದರು. ನಮ್ಮಲ್ಲಿ ಹಿಮಕ್ಕೆ ಹೆಚ್ಚು ಬಲಿಯಾದವರು ಸ್ಕೀ ಮೋಜಿಗೆ ಹೋದವರಲ್ಲ, ಗಡಿ ಕಾಯಲು ಹೋದವರು.

ಹೀಗೆ ಮತ್ತೆ ಅವ್ವನ ಪ್ರಶ್ನೆಗೆ ಬಂದೆ. 2016ರ ಫೆಬ್ರವರಿ 3. ಸಿಯಾಚಿನ್‌ನ ಸೋನಂ ಠಾಣೆ, 19,600 ಅಡಿ. 19ನೇ ಮದ್ರಾಸ್ ರೆಜಿಮೆಂಟಿನ ಹತ್ತು ಜನ ಹಿಮದಡಿ ಹೂತರು. ಅದರಲ್ಲಿ ಮೂವರು ನಮ್ಮ ಕರ್ನಾಟಕದವರು, ಹಾಸನ ಕಡೆಯ ಸುಬೇದಾರ್ ನಾಗೇಶ, ಮೈಸೂರು ಕಡೆಯ ಸಿಪಾಯಿ ಮಹೇಶ, ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಯಾರೂ ಉಳಿದಿಲ್ಲ ಅಂತಲೇ ಎಲ್ಲರೂ ತಿಳಿದಿದ್ದರು. ಆದರೆ ಹುಡುಕುವವರು ಬಿಡಲಿಲ್ಲ. ಆ ಎತ್ತರದಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬರುವ ಜಾಗದಲ್ಲಿ, ಕಲ್ಲಿನಂಥ ಮಂಜುಗಡ್ಡೆಯನ್ನು ಯಂತ್ರದಿಂದ ಕೊರೆಯುತ್ತಾ, ರೇಡಾರ್ ಹಿಡಿದು, ಡಾಟ್ ಮತ್ತು ಮಿಶಾ ಎಂಬ ನಾಯಿಗಳನ್ನು ಕರೆದುಕೊಂಡು ಹುಡುಕಿದರು. 8ರ ರಾತ್ರಿ ಸುಮಾರು 25 ಅಡಿ ಆಳದಲ್ಲಿ ಹನುಮಂತಪ್ಪ ಜೀವಂತ ಸಿಕ್ಕರು. ದೆಹಲಿಯ ಸೇನಾ ಆಸ್ಪತ್ರೆಗೆ ತಂದರು. ಇಡೀ ದೇಶ ಪ್ರಾರ್ಥಿಸಿತು. 11ರಂದು ತೀರಿಕೊಂಡರು. ಮೂವತ್ಮೂರು ವರ್ಷ.

ಆಗಿನ ವರದಿಗಳ ಪ್ರಕಾರ ಕುಸಿದ ಡೇರೆಯಡಿ ಒಂದಿಷ್ಟು ಗಾಳಿಯ ಜಾಗ ಉಳಿದಿತ್ತು. ಇನ್ನೂರ ಎಪ್ಪತ್ತು ವರ್ಷದ ಹಿಂದಿನ ಆ ಕೊಟ್ಟಿಗೆಯ ಮಾಡಿನಂತೆ. ಉಸಿರಾಡಿದ್ದು ಹಾಗೆ.

ಮೊನ್ನೆ ಊರಿಗೆ ಫೋನ್ ಮಾಡಿದಾಗ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಇಷ್ಟು ವರ್ಷದ ಮೇಲೆ ಯಾಕೆ ಈ ಮಾತು ಅಂತ ಅವಳಿಗೆ ಆಶ್ಚರ್ಯ. ಡೇರೆ, ಗಾಳಿ, ಮುಖವಾಡ ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಉಸರೇನೋ ಆಡ್ಯಾನ ಬಿಡು. ಯಾರರೆ ಬರ್ತಾರಂತ ದಾರಿ ನೋಡ್ಯಾನಲ್ಲೋ ತಮ್ಮಾ, ಆರು ದಿನಾ" ಅಂದಳು. ನನಗೆ ಮಾತು ಹೊರಡಲಿಲ್ಲ. ನೂರು ವರ್ಷದ ಯಂತ್ರಗಳನ್ನೆಲ್ಲ ಓದಿ ನಾನು ಉಸಿರಿನ ಲೆಕ್ಕ ಹಾಕುತ್ತಿದ್ದೆ. ಅವಳು ನೋಡಿದ್ದು ಕಾಯುವುದನ್ನು. ಹೂತವನಿಗೆ ಮಾಡಲು ಉಳಿಯುವ ಕೆಲಸ ಅದೊಂದೇ. ಉಳಿದದ್ದೆಲ್ಲ ಮೇಲಿರುವವನ ಕೆಲಸ.

ನಾನು ಆಫ್-ಪಿಸ್ಟ್ ಹೋದೆನೇ ಅಂತ ಕೇಳುತ್ತೀರಿ. ಇನ್ನೂ ಹೋಗಿಲ್ಲ. ಆದರೆ ಅಭ್ಯಾಸ ಬಿಟ್ಟಿಲ್ಲ. ಮೂರು ವಾರ ಒಂದೇ ಸಮ ಹೋಗಿ ಅದೇ ಚೀಲವನ್ನು ಹುಡುಕಿದೆ. ಬಾಣವನ್ನು ನಂಬಬೇಕು, ಓಡಬಾರದು, ಹತ್ತಿರ ಬಂದಾಗ ಯಂತ್ರವನ್ನು ಹಿಮಕ್ಕೆ ತಾಗಿಸಿ ನಿಧಾನಕ್ಕೆ ಆಡಿಸಬೇಕು, ಕೋಲು ತಾಗಿದ ಮೇಲೆ ಅಲ್ಲೇ ಬಾವಿ ತೋಡದೆ ಇಳಿಜಾರಿನ ಕೆಳಗಡೆಯಿಂದ ಅಗೆದು ಬರಬೇಕು. ಕಡೆಯ ಸಲ ಎಂಟೂವರೆ ನಿಮಿಷ. ಗೆಳೆಯ ಗಡಿಯಾರ ನೋಡಿ, "ಈಗ ಕೆಮ್ಮುತ್ತಾ ಎದ್ದಿರುತ್ತಿದ್ದೆ" ಅಂದ. ಆಮೇಲೆ ನನ್ನ ಸರದಿ ಮುಗಿದು ಅವನ ಸರದಿ ಬಂದಾಗ, ಆ ಚೀಲವನ್ನು ಹೂಳಲು ಗುಂಡಿ ತೋಡುತ್ತಾ ನಾನು ಅವನ ಕಡೆ ತಿರುಗಿ ನೋಡಿದೆ. ಇವನಿಗೆ ಎಷ್ಟು ನಿಮಿಷ ಹಿಡಿಯುತ್ತದೆ ಅಂತ ನಾನು ಇಷ್ಟು ದಿನ ಕೇಳಿಯೇ ಇರಲಿಲ್ಲ.

ಆರು ನಿಮಿಷ. ಸಾಕು.

ನಿಮ್ಮಲ್ಲಿ ಯಾರಾದರೂ ಗುಲ್ಮಾರ್ಗ್‌ಗೋ, ಮನಾಲಿ ಕಡೆಗೋ, ಇತ್ತ ಆಲ್ಪ್ಸ್‌ಗೋ ಸ್ಕೀ ಮಾಡಲು ಹೊರಟಿದ್ದರೆ ಯಂತ್ರ, ಕೋಲು, ಸಲಿಕೆ ಮೂರೂ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ. ಅದಕ್ಕಿಂತ ಮುಂಚೆ ಜೊತೆಗೆ ಬರುವವರಿಗೆ ಅವನ್ನು ಬಳಸಲು ಬರುತ್ತದೆಯೇ ಕೇಳಿ. ನಿಮ್ಮ ಯಂತ್ರ ನಿಮ್ಮನ್ನು ಹುಡುಕುವುದಿಲ್ಲ, ಅವರದು ಹುಡುಕುತ್ತದೆ.